ಸೀರೆ ಕವರಿನೊಳಗಿನ ಟೊಮೆಟೊ

ಜೂನ್ ೯, ಕಡಬ

ಮದುವೆಯಾಗಿ ಈ ಮನೆಗೆ ಬಂದು ಚಪ್ಪಲಿ ಎಲ್ಲಿ ಬಿಡಬೇಕೆಂಬುದೇ ಇನ್ನೂ ಸರಿಯಾಗಿ ಗೊತ್ತಾಗಿಲ್ಲ, ಅಷ್ಟರಲ್ಲಿ ಸವಾಲು ಹಾಕಿ ಕೂತಿದ್ದೇನೆ. ಭವಿತಾ, ನಿನ್ನ ಬಾಯಿಗೆ ಬೀಗ ಹಾಕಬೇಕು!

ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿನಲ್ಲಿ ಟೊಮೆಟೊ ಹುಡುಕಿದೆ. ಇರಲಿಲ್ಲ. ನಿನ್ನೆಯೂ ಇರಲಿಲ್ಲ. ಟೊಮೆಟೊ ಇಲ್ಲದ ಸಾರನ್ನು ನಾನು ಹುಟ್ಟಿದ ಮೇಲೆ ಉಂಡವಳಲ್ಲ. ಶ್ರೀನಿವಾಸಪುರದ ಹತ್ತಿರ ನಮ್ಮಪ್ಪ ವರ್ಷವಿಡೀ ಬೆಳೆಯುವುದೇ ಅದನ್ನು. ನನ್ನ ಗಂಡ ಲತೀಶ್ ನಮ್ಮವರ ಕಣ್ಣಿಗೆ ಬಿದ್ದದ್ದೂ ಟೊಮೆಟೊದಿಂದಲೇ. ಆಗ ಅವರು ಮಂಗಳೂರಿಗೆ ಲೋಡು ಒಯ್ಯುವ ಲಾರಿ ಓಡಿಸುತ್ತಿದ್ದರು. ಕ್ರೇಟನ್ನು ಮಗು ಮಲಗಿಸುವ ಹಾಗೆ ಮೆಲ್ಲಗೆ ಇಳಿಸುತ್ತಾನೆ ಅಂತ ಅಪ್ಪ ಮೆಚ್ಚಿದ್ದರು. ಈಗ ಲತೀಶ್‌ಗೆ ಇಲ್ಲೇ ಪೇಟೆಯಲ್ಲಿ ಬಾಡಿಗೆಗೆ ಓಡಿಸುವ ಸ್ವಂತ ಜೀಪು.

"ಸಾರಿಗೆ ಟೊಮೆಟೊ ಹಾಕಲ್ವಾ ಅತ್ತೆ?" ಅಂದೆ.

"ಹುಳಿಗೆ ಬಿಂಬುಳಿ ಉಂಟಲ್ಲ ಮರದಲ್ಲಿ. ಟೊಮೆಟೊ ಇಲ್ಲಿ ಆಗುದಿಲ್ಲ," ಅಂದರು ಅತ್ತೆ. ಹೆಸರು ದುಗ್ಗಮ್ಮ. ಮಾತು ಕಮ್ಮಿ, ಆಡಿದರೆ ಗೋಡೆಗೆ ಮೊಳೆ ಹೊಡೆದ ಹಾಗೆ.

"ಯಾಕಾಗಲ್ಲ? ನಮ್ಮ ಕಡೆ ಕೈ ತೊಳೆದ ನೀರು ಬಿದ್ದ ಜಾಗದಲ್ಲೂ ಹುಟ್ಟುತ್ತೆ. ನಾನು ಬೆಳೆದು ತೋರಿಸ್ತೀನಿ!"

ನಾದಿನಿ ಯಶಸ್ವಿಗೆ ಅನ್ನ ನೆತ್ತಿಗೆ ಹತ್ತಿತು. ಮಾವ ಕುಕ್ಕಪ್ಪನವರು ಕಿಟಕಿಯಾಚೆ ಆಕಾಶ ನೋಡಿದರು. ಯಾಕೆ ನೋಡಿದರೋ.

ಅಪ್ಪ ಕೊಟ್ಟ ಬೀಜದ ಪೊಟ್ಟಣ ಸೂಟ್‌ಕೇಸಿನಲ್ಲೇ ಇದೆ. ಸಂಜೆಯೇ ಅಂಗಳದ ಬದಿಯಲ್ಲಿ ಮಡಿ ಮಾಡಿ ಬಿತ್ತಿದೆ.

ಜೂನ್ ೨೪

ಮಾವ ಆಕಾಶ ಯಾಕೆ ನೋಡಿದರೆಂದು ಗೊತ್ತಾಯಿತು.

ನಮ್ಮ ಕಡೆ ಮಳೆ ಅಂದರೆ ಬರುತ್ತದೆ, ಹೋಗುತ್ತದೆ. ಇಲ್ಲಿ ಬಂದದ್ದು ಹೋಗುವುದೇ ಇಲ್ಲ. ಮೊಳಕೆ ಎರಡೆಲೆ ಬಿಟ್ಟಿತ್ತು, ನೋಡಿ ಕುಣಿದಾಡಿದ್ದೆ. ಈಗ ಮಡಿ ಎಲ್ಲಿತ್ತೆಂದೇ ತಿಳಿಯುತ್ತಿಲ್ಲ. ಒಂದು ಸಸಿ ಬಚ್ಚಲ ನೀರು ಹೋಗುವ ತೋಡಿನಲ್ಲಿ ತೇಲಿಕೊಂಡು ಹೋಯಿತು. ಕೊಡೆ ಹಿಡಿದು ಅದರ ಹಿಂದೆ ಓಡಿದೆ. ಜಾರಿ ಬಿದ್ದೆ. ಯಶಸ್ವಿ ಮೆಟ್ಟಿಲಲ್ಲಿ ನಿಂತು ನಕ್ಕು ನಕ್ಕು ಕೊನೆಗೆ ತಾನೂ ಜಾರಿದಳು.

ರಾತ್ರಿ ಅವರೆಲ್ಲ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡಿ ನಗುತ್ತಿದ್ದರು. ನನ್ನ ಬಗ್ಗೆಯೇ ಇರಬೇಕು. ಒಂದಕ್ಷರ ಅರ್ಥವಾಗಲಿಲ್ಲ. ಅಮ್ಮನ ನೆನಪಾಯಿತು.

ಆಗಸ್ಟ್ ೩

ಮತ್ತೆ ಬಿತ್ತಿದ್ದೆ, ಈ ಸಲ ಸೂರಿನ ಕೆಳಗೆ ಚೀಲದಲ್ಲಿ. ಗೇಣುದ್ದ ಬಂದಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಬರೀ ಕಡ್ಡಿ. ಪಕ್ಕದಲ್ಲೇ ಮುಷ್ಟಿಗಾತ್ರದ ಬಸವನಹುಳು, ಹೊಟ್ಟೆ ತುಂಬಿದ ಸಂತೋಷದಲ್ಲಿ ಕೊಂಬು ಚಾಚಿಕೊಂಡು ಕೂತಿತ್ತು. ಬಯ್ದೆ. ಕೊಂಬು ಒಳಗೆಳೆದುಕೊಂಡಿತು. ಈ ಊರಿನಲ್ಲಿ ನನ್ನ ಭಾಷೆ ತಿಳಿಯುವುದು ಇದೊಂದಕ್ಕೇ ಅನ್ನಿಸಿತು.

ಅಷ್ಟರಲ್ಲಿ ಅಪ್ಪನ ಫೋನು.

"ಏನಮ್ಮಾ, ಟಮಾಟ ಎಂಗದೆ?"

"ಚೆನ್ನಾಗಿದೆ ಅಪ್ಪ, ಹೂ ಬಂದಿದೆ." ಬಾಯಿಗೆ ಬಂದದ್ದು ಬಂದುಬಿಟ್ಟಿತು.

"ನನ್ ಮಗಳು!" ಅಂದರು. ಆಮೇಲೆ ಪಕ್ಕದಲ್ಲಿದ್ದ ಯಾರಿಗೋ ಕೂಗಿ ಹೇಳಿದರು, "ಆ ಮಳೇಲೂ ಹೂ ಬಿಡಿಸವ್ಳೆ!"

ನಿಜ ಹೇಳಿದ್ದರೆ, ಅಲ್ಲಿ ಹೇಗಿದ್ದೀಯಮ್ಮಾ ಅಂತ ಕೇಳುತ್ತಿದ್ದರು. ಆಗ ಅತ್ತುಬಿಡುತ್ತಿದ್ದೆ. ಅದಕ್ಕಿಂತ ಹೂವೇ ವಾಸಿ.

ಅಕ್ಟೋಬರ್ ೨೦

ಬಿಸಿಲು! ಬಿಸಿಲು! ಬಿಸಿಲು!

ಬಚ್ಚಲ ಬದಿಯ ಸಮತಟ್ಟು ಜಾಗವನ್ನು ಅಗೆದು, ಹಟ್ಟಿಗೊಬ್ಬರ ಹಾಕಿ, ಎರಡು ಸಾಲು ನೆಟ್ಟದ್ದು ಈಗ ಸೊಂಟದವರೆಗೆ ಬಂದಿದೆ. ಸೊಂಟ ಅಂದರೆ ನನ್ನ ಸೊಂಟವೇ, ಅಳೆದು ನೋಡಿದೆ. ಬೆಳಿಗ್ಗೆ ಏಳುವುದೇ ಅವುಗಳ ಮುಖ ನೋಡಲಿಕ್ಕೆ. ಎಲೆ ಉಜ್ಜಿ ಕೈ ಮೂಸಿದರೆ ಅಪ್ಪನ ಅಂಗಿಯ ವಾಸನೆ.

ಲತೀಶ್ ಜೀಪಿನ ಹಳೆಯ ಹಗ್ಗ ತಂದು ಗಿಡಗಳಿಗೆ ಆಸರೆ ಕಟ್ಟಿಕೊಟ್ಟರು. ಬಂದುಹೋಗುವ ಪ್ರಯಾಣಿಕರಿಗೆಲ್ಲ "ನಮ್ಮ ಮನೆಯಲ್ಲಿ ಟೊಮೆಟೊ ತೋಟ ಉಂಟು" ಅಂತ ಹೇಳುತ್ತಿದ್ದಾರಂತೆ. ಅತ್ತೆ ಮಾತ್ರ ಒಮ್ಮೆ ಬಂದು ಸುತ್ತ ನೋಡಿ, "ಇನ್ನೂ ಸಮಯ ಉಂಟು," ಅಂದು ಹೋದರು. ಯಾವುದಕ್ಕೆ ಸಮಯ? ಹೊಟ್ಟೆಕಿಚ್ಚು!

ಅಪ್ಪನಿಗೆ ಫೋನಿನಲ್ಲಿ ಮೊದಲ ಕೊಯ್ಲು ಮುಗಿಯಿತು ಅಂದೆ. ಇನ್ನೇನು, ನಿಜವೇ ಆಗುತ್ತದಲ್ಲ.

ನವೆಂಬರ್ ೧೪

ಒಂದು ಗಿಡ ಮಧ್ಯಾಹ್ನ ತಲೆ ಬಾಗಿಸಿತು. ಎಲೆ ಹಸಿರಾಗಿಯೇ ಇದೆ. ಬಾಯಾರಿಕೆ ಇರಬೇಕೆಂದು ಕೊಡಗಟ್ಟಲೆ ನೀರು ಹಾಕಿದೆ.

ನವೆಂಬರ್ ೧೭

ಇನ್ನೂ ಮೂರು.

ನವೆಂಬರ್ ೨೧

ಎಲ್ಲವೂ. ಸಾಲಿಗೆ ಸಾಲೇ, ತಲೆ ತಗ್ಗಿಸಿ ನಿಂತಿವೆ.

ಸೂಟ್‌ಕೇಸ್ ತೆಗೆದು ಸೀರೆ ತುಂಬಿದೆ. ಲತೀಶ್ ಬಂದಾಗ, "ನಾನು ಊರಿಗೆ ಹೋಗ್ತೀನಿ," ಅಂದೆ.

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ."

ಅವರು ಮಂಚದ ತುದಿಯಲ್ಲಿ ಕೂತು ಜೀಪಿನ ಕೀಲಿಯನ್ನು ತಿರುಗಿಸುತ್ತಾ ಇದ್ದರು. ಟೊಮೆಟೊ ಸತ್ತದ್ದಕ್ಕಾ ಅಂತ ಕೇಳಲಿಲ್ಲ. ಕೇಳಿದ್ದರೆ ಅಲ್ಲ ಅನ್ನುತ್ತಿದ್ದೆ. ಇಲ್ಲಿ ನನ್ನ ಕೈಯಿಂದ ಏನೂ ಬೇರೂರುವುದಿಲ್ಲ, ಅಷ್ಟೆ. ಕೊನೆಗೆ, "ಆಯ್ತು, ನಾಡಿದ್ದಿಗೆ ಟಿಕೆಟ್ ಮಾಡ್ತೇನೆ," ಅಂದರು. ಸ್ವರ ಸಣ್ಣದಾಗಿತ್ತು.

ನವೆಂಬರ್ ೨೨

ಇವತ್ತು ನಡೆದದ್ದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಹಿತ್ತಲಿಗೆ ಹೋದರೆ ಮಾವ ಕುಕ್ಕರಗಾಲಲ್ಲಿ ಕೂತು, ಸತ್ತ ಗಿಡವೊಂದನ್ನು ಕಿತ್ತು, ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟಿದ್ದರು. ಈವರೆಗೆ ನನ್ನೊಡನೆ "ಊಟ ಆಯ್ತಾ" ಬಿಟ್ಟು ಬೇರೆ ಮಾತೇ ಆಡದ ಮನುಷ್ಯ, "ಇಲ್ಲಿ ಬಾ, ನೋಡು," ಅಂದರು.

ನೋಡಿದೆ. ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯುತ್ತಿತ್ತು.

"ಸೊರಗು ರೋಗ. ನಿನ್ನ ತಪ್ಪಲ್ಲ ಇದು. ಮಣ್ಣಲ್ಲೇ ಉಂಟು. ನಾನೂ ಮೂರು ವರ್ಷ ನೆಟ್ಟು ಬಿಟ್ಟದ್ದು," ಅಂದರು.

"ನೀವೂ ನೆಟ್ಟಿದ್ರಾ? ಹೇಳಲೇ ಇಲ್ವಲ್ಲ ಮಾವ!"

"ನೀನು ಅಷ್ಟು ಖುಷಿಯಲ್ಲಿದ್ದೆ. ಹೇಗೆ ಹೇಳುದು?"

ಆಮೇಲೆ ಬೇಲಿಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಕಾಡು ಸುಂಡೆ ಗಿಡ, ಇಲ್ಲಿಯವರು ಕುದನೆ ಅನ್ನುತ್ತಾರೆ, ಯಾರೂ ನೆಡದೆ, ಯಾರೂ ನೀರು ಹಾಕದೆ, ಜಂಬದಿಂದ ನಿಂತಿದೆ. "ಇದಕ್ಕೆ ಆ ರೋಗ ಬರುದಿಲ್ಲ. ಟೊಮೆಟೊದ ಜಾತಿಯೇ ಇದೂ. ಬೇರು ಇದರದ್ದು, ತಲೆ ಅದರದ್ದು ಮಾಡಿದ್ರೆ?"

ಮಾವ ಮೊದಲು ರಬ್ಬರ್ ನರ್ಸರಿಯಲ್ಲಿ ಕಸಿ ಕಟ್ಟುತ್ತಿದ್ದರಂತೆ. ರಿಟೈರ್ ಆದ ಮೇಲೆ ಕಂಡದ್ದಕ್ಕೆಲ್ಲ ಕಸಿ ಕಟ್ಟುವ ಹುಚ್ಚು. ಗೇಟಿನ ಗುಲಾಬಿ ಐದು ಬಣ್ಣ ಬಿಡಬೇಕಿತ್ತು, ಒಂದೂ ಬಿಡುವುದಿಲ್ಲ ಅಂತ ಅತ್ತೆ ಅಡುಗೆಮನೆಯಿಂದಲೇ ಕೂಗಿದರು.

ಜಗಲಿಯ ಚಟ್ಟಿಯಲ್ಲಿ ನನ್ನ ಟೊಮೆಟೊ ಸಸಿಗಳು ಸ್ವಲ್ಪ ಉಳಿದಿದ್ದವು. ಬೇಲಿ ಬುಡದಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಕುದನೆ ಸಸಿಗಳು ಬೇಕಾದಷ್ಟು. ಬ್ಲೇಡು ಹಿಡಿದು ಕೂತೆವು. ಸಂಜೆಯಾದದ್ದೇ ಗೊತ್ತಾಗಲಿಲ್ಲ.

ಲತೀಶ್ ಬಂದು, "ಟಿಕೆಟ್?" ಅಂದರು.

"ಕಸಿ ಕೂಡಿದ ಮೇಲೆ ಹೋಗ್ತೀನಿ," ಅಂದೆ.

ಡಿಸೆಂಬರ್ ೨

ಕೂಡಲಿಲ್ಲ. ಒಂದೂ ಕೂಡಲಿಲ್ಲ! ಎಲ್ಲ ಒಣಗಿ ಕಡ್ಡಿ.

ಮಾವನ ಕೈ ರಬ್ಬರಿನ ಗಟ್ಟಿ ತೊಗಟೆಗೆ ಪಳಗಿದ್ದು. ಟೊಮೆಟೊದ ಎಳೆ ಕಾಂಡ ಅವರ ಬೆರಳಲ್ಲಿ ಜಜ್ಜಿಹೋಗುತ್ತದೆ. "ನೀನು ಕಟ್ಟು, ನಾನು ಬೈತೇನೆ," ಅಂದರು. ಹಾಗೇ ಮಾಡಿದೆವು. ಕುದನೆಯ ತಲೆ ಹಾರಿಸಿ, ನಡುವೆ ಸೀಳಿ, ಟೊಮೆಟೊದ ತುದಿಯನ್ನು ಚೂಪು ಮಾಡಿ ಅದರೊಳಗೆ ಕೂರಿಸಿ ಕಟ್ಟುವುದು. ಉಸಿರು ಬಿಡುವ ಹಾಗಿಲ್ಲ. ಮಾವ ಅಷ್ಟೂ ಹೊತ್ತು ಉಸಿರು ಬಿಗಿಹಿಡಿದು ಕೆಮ್ಮಿಬಿಟ್ಟರು, ಒಂದು ಸಸಿ ಹಾರಿಹೋಯಿತು.

ಈ ಸಲ ಗಾಳಿ ತಾಗದ ಹಾಗೆ, ತೇವ ಆರದ ಹಾಗೆ ಮುಚ್ಚಬೇಕು. ಯಾವುದರಿಂದ ಮುಚ್ಚುವುದು? ತಟ್ಟನೆ ಹೊಳೆಯಿತು. ಸೂಟ್‌ಕೇಸಿನಲ್ಲಿ ಮದುವೆಯ ಸೀರೆಗಳಿಗೆಲ್ಲ ಒಂದೊಂದು ಪ್ಲಾಸ್ಟಿಕ್ ಕವರು! ಎಲ್ಲ ಬಿಚ್ಚಿ ತಂದೆ. ಸೀರೆಗಳನ್ನು ಅತ್ತೆಯ ಕಪಾಟಿನಲ್ಲಿ ತುರುಕಿದೆ. ಈಗ ಬಚ್ಚಲ ಕೋಣೆಯ ಮೂಲೆಯಲ್ಲಿ ನೆರಳು ಮಾಡಿ ಸಸಿಗಳು ಸಾಲಾಗಿ ಕೂತಿವೆ, ಪ್ರತಿಯೊಂದರ ತಲೆ ಮೇಲೂ "ಶುಭವಿವಾಹ" ಅಂತ ಅಚ್ಚಾದ ಕವರು.

"ಇನ್ನು ನಾವು ಸ್ನಾನ ಎಲ್ಲಿ ಮಾಡುದು?" ಅಂತ ಕೇಳಿದರು ಲತೀಶ್.

"ತಣ್ಣೀರಲ್ಲಿ ಮಾಡಿ. ಹಬೆಯೆದ್ದರೆ ಬೇಯ್ತವೆ."

ಡಿಸೆಂಬರ್ ೧೦

ಬಚ್ಚಲಿಗೆ ಯಾರೇ ಹೋದರೂ ತುದಿಗಾಲಲ್ಲಿ ಹೋಗುತ್ತಾರೆ. ಅತ್ತೆ ಕೂಡ. ಯಶಸ್ವಿ ಬಾಗಿಲ ಮೇಲೆ "ಐಸಿಯು" ಅಂತ ಬರೆದು ಅಂಟಿಸಿದ್ದಾಳೆ. ಲತೀಶ್ ತಣ್ಣೀರಿಗೆ ಕೂಗಬಾರದೆಂದು ಟವೆಲ್ ಬಾಯಿಗೆ ಕಚ್ಚಿಕೊಂಡು ಸ್ನಾನ ಮಾಡುತ್ತಾರೆ.

ಇವತ್ತು ಬೆಳಿಗ್ಗೆ ಅತ್ತೆಯ ಕೂಗು: "ಗೂಡೆ! ಏ ಗೂಡೆ! ಬೇಗ ಬಾ!"

ಹಾವೇ ಬಂತೆಂದು ಓಡಿದೆ. ಅತ್ತೆ ಒದ್ದೆ ನೆಲದಲ್ಲಿ ಮೊಣಕಾಲೂರಿ ಕವರಿನೊಳಗೆ ಇಣುಕುತ್ತಿದ್ದರು. ಹೊಸ ಎಲೆ! ಅಕ್ಕಿಕಾಳಿನಷ್ಟು! ನಾನು ಅತ್ತೆಯನ್ನು ಅಪ್ಪಿಕೊಂಡೆ. ಅವರು "ಛೀ, ಒದ್ದೆ," ಅಂದರು, ಆದರೆ ಬಿಡಿಸಿಕೊಳ್ಳಲಿಲ್ಲ.

ಗೂಡೆ ಅಂದರೆ ಅರೆಭಾಷೆಯಲ್ಲಿ ಹುಡುಗಿ. ಯಶಸ್ವಿಯನ್ನು ಹಾಗೆ ಕರೆಯುವುದು. ಇವತ್ತು ಗಡಿಬಿಡಿಯಲ್ಲಿ ನನ್ನನ್ನು ಕರೆದರು.

ಆರು ಬದುಕಿವೆ.

ಜನವರಿ ೧೮

ಆರು ಗಿಡಕ್ಕೂ ಹೂ! ಬಾಗಿದ ತಲೆ ಒಂದೂ ಇಲ್ಲ. ಮಣ್ಣಿನೊಳಗಿನ ರೋಗ ಕೆಳಗೆ ಕುದನೆಯ ಬೇರಿಗೆ ಡಿಕ್ಕಿ ಹೊಡೆದು ವಾಪಸು ಹೋಗುತ್ತಿರಬೇಕು, ಪಾಪ.

ಬೆಳಿಗ್ಗೆ ಹೂ ಉದುರದ ಹಾಗೆ ಗೊಂಚಲನ್ನು ಬೆರಳಲ್ಲಿ ತಟ್ಟಬೇಕು, ಆಗ ಕಾಯಿ ಕಚ್ಚುತ್ತದೆ. ಅದನ್ನು ಯಶಸ್ವಿಗೆ ಕಲಿಸಿದೆ. ಅವಳು ಮಾವನಿಗೆ, ಮಾವ ಅತ್ತೆಗೆ. ಒಬ್ಬೊಬ್ಬರೂ ಬೇರೆಯವರಿಗೆ ತಿಳಿಯದ ಹಾಗೆ ಬಂದು ತಟ್ಟಿ ಹೋಗುತ್ತಾರೆ. ಹೂಗಳಿಗೆ ತಲೆ ತಿರುಗಿರಬೇಕು.

ಲತೀಶ್ ಊಟದ ಹೊತ್ತಿಗೆ ಮೆಲ್ಲಗೆ ಕೇಳಿದರು, "ಅಲ್ಲ, ಟಿಕೆಟ್ ಮಾಡ್ಬೇಕಾ?"

"ಯಾವ ಟಿಕೆಟ್?" ಅಂದೆ.

ಅವರು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು. ಇತ್ತೀಚೆಗೆ ಇವರ ಊಟ ಜಾಸ್ತಿಯಾಗಿದೆ.

ಫೆಬ್ರವರಿ ೧೬

ಕೋತಿಗಳು! ನಾಶ! ಸರ್ವನಾಶ!

ಮೊನ್ನೆಯಷ್ಟೇ ಕಾಯಿಗಳಿಗೆ ಬಣ್ಣ ತಿರುಗಿತ್ತು. ಕೊಯ್ಯುವಾ ಅಂದದ್ದಕ್ಕೆ ಅತ್ತೆ, ಪೂರ್ತಿ ಹಣ್ಣಾಗಲಿ ಅಂದರು. ಬೆಳಿಗ್ಗೆ ಹನ್ನೆರಡೋ ಹದಿನೈದೋ ಕೋತಿಗಳ ದಂಡು. ಮಾವ ಡಬ್ಬ ಬಡಿದರು, ಯಶಸ್ವಿ ಸೀಟಿ ಊದಿದಳು, ಅತ್ತೆ ಸೌಟು ಹಿಡಿದು ಮೂಡಣ ಗುಡ್ಡೆಯವರೆಗೆ ಅಟ್ಟಿಕೊಂಡು ಹೋದರು. ಐವತ್ತೈದು ದಾಟಿದ ಹೆಂಗಸು ಆ ಓಟ ಓಡುವುದನ್ನು ನೋಡಿ ಒಂದು ಕೋತಿ ಬಾಯಲ್ಲಿದ್ದದ್ದನ್ನೇ ಬಿಟ್ಟು ಓಡಿತು. ನಗು ತಡೆಯಲಿಕ್ಕಾಗದೆ ನಾನು ಬದಿಯಲ್ಲಿ ಕೂತುಬಿಟ್ಟೆ. ಹಣ್ಣೆಲ್ಲ ಹೋಗಿದೆ, ಆದರೂ ನಗು! ಗಿಡಗಳು ಗಟ್ಟಿಯಾಗಿಯೇ ಉಂಟು. ಇನ್ನೂ ಬಿಡುತ್ತವೆ.

ಫೆಬ್ರವರಿ ೧೮

ಅಪ್ಪನ ಫೋನು. ಸುಬ್ರಹ್ಮಣ್ಯದಲ್ಲಿ ಪೂಜೆ ಮಾಡಿಸಲು ಬಂದಿದ್ದಾರಂತೆ. ನಾಳೆ ಬೆಳಿಗ್ಗೆ ಇಲ್ಲಿಗೇ! "ನಿನ್ ತೋಟ ನೋಡಿ ಊಟ ಮಾಡ್ಕೊಂಡು ಹೋಗ್ತೀನಿ ಕಣಮ್ಮಾ. ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ."

ಎಷ್ಟು ಕೊಯ್ಲು ಅಂತ ಹೇಳಿದ್ದೆ? ನನಗೇ ನೆನಪಿಲ್ಲ! ಅಡುಗೆಮನೆಯಲ್ಲಿ ಕೂತು ಎಲ್ಲ ಒಪ್ಪಿಕೊಂಡೆ: ಆಗಸ್ಟಿನ ಹೂ, ಅಕ್ಟೋಬರಿನ ಕೊಯ್ಲು.

ಮೊದಲು ಯಶಸ್ವಿ ಕಿಸಕ್ಕೆಂದಳು. ಆಮೇಲೆ ಲತೀಶ್, "ಪೇಟೆಯಿಂದ ತಂದು ಗಿಡಕ್ಕೆ ಕಟ್ಟಿದ್ರೆ ಎಂತ?" ಅಂದರು.

"ಛೆ ಛೆ, ಬೀಗರಿಗೆ ಮೋಸ ಮಾಡುದಾ?" ಅಂದರು ಮಾವ. ಎಲ್ಲರೂ ಅತ್ತೆಯನ್ನು ನೋಡಿದೆವು. ಅತ್ತೆ ತೆಂಗಿನಕಾಯಿ ತುರಿಯುತ್ತಾ ಇದ್ದರು. ಮುಗಿಸಿ, ಕೈ ತೊಳೆದು, "ನೂಲಲ್ಲಿ ಕಟ್ಟಿದ್ರೆ ಕಾಣ್ತದೆ. ಬಾಳೆನಾರು ತಾ," ಅಂದರು.

ಮಲ್ಲಿಗೆ ಕಟ್ಟುವ ಕೈ! ಸಂಜೆ ಬೆಳಕಿರುವಾಗಲೇ ಮೂರು ಕಿಲೋ ಟೊಮೆಟೊ ಆರು ಗಿಡದಲ್ಲಿ ಜೋತಾಡಿತು. ಮಾವ ದೂರ ನಿಂತು "ಆ ಕೊಂಬೆಗೆ ಜಾಸ್ತಿಯಾಯ್ತು, ಇಲ್ಲಿ ಒಂದು ಹಸಿರು ಹಾಕು" ಅಂತ ಸಲಹೆ ಕೊಡುತ್ತಿದ್ದರು. ಮೋಸವಂತೆ, ಮೋಸ!

ಫೆಬ್ರವರಿ ೧೯

ಅಪ್ಪ ಬಂದರು. ಹೊಸ ಪಂಚೆ, ಹಣೆಯಲ್ಲಿ ಗಂಧ. ಕಾಫಿಯನ್ನೂ ಕುಡಿಯದೆ ಸೀದಾ ಹಿತ್ತಲಿಗೆ. ನಾವೆಲ್ಲ ಹಿಂದೆ ಸಾಲಾಗಿ, ಫೋಟೋಕ್ಕೆ ನಿಂತ ಹಾಗೆ.

ನೋಡಿದರು. ಒಂದು ಸುತ್ತು ಬಂದರು. ಬಗ್ಗಿ ಒಂದು ಎಲೆ ಎತ್ತಿದ್ದೇ ತಡ, ಒಂದು ಟೊಮೆಟೊ ಪಟ್ ಅಂತ ಅವರ ಪಾದದ ಮೇಲೆ ಬಿತ್ತು.

ಯಶಸ್ವಿ ನನ್ನ ಬೆನ್ನ ಹಿಂದೆ ಅಡಗಿದಳು. ಅತ್ತೆ ಮಾತ್ರ ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ, "ಹಣ್ಣಾದ್ರೆ ಬೀಳುದೇ ಅಲ್ವಾ," ಅಂದರು.

ಅಪ್ಪ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ಬೀಳ್ತದೆ ಬೀಗಿತ್ತಿ. ನಮ್ ಕಡೆ ಸುಮ್ನೆ ಬೀಳ್ತದೆ, ನಿಮ್ ಕಡೆ ನಾರು ಕಟ್ಕೊಂಡು ಬೀಳ್ತದಾ?"

ಮೊದಲು ನಕ್ಕವರು ಮಾವ. ಅಷ್ಟು ಜೋರಾಗಿ ನಕ್ಕದ್ದನ್ನು ಈ ಮನೆಯಲ್ಲಿ ಯಾರೂ ನೋಡಿಲ್ಲವಂತೆ. ಆಮೇಲೆ ಅಪ್ಪ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು, ಒಳಗಿಂದ ಅವರ ನಗು ಇನ್ನೂ ದೊಡ್ಡದಾಗಿ ಕೇಳಿತು. ನಾನು ನಗುತ್ತಾ ಅಳುತ್ತಾ ಎಲ್ಲ ಹೇಳಿದೆ. ತೇಲಿಹೋದ ಸಸಿಯಿಂದ ಹಿಡಿದು ಕೋತಿಯ ತನಕ.

ಅಪ್ಪ ಬಯ್ಯಲಿಲ್ಲ. "ಒಂದು ಮಾತು ಹೇಳೋದಲ್ವಾ ಮಗಾ," ಅಂದರು, ಅಷ್ಟೆ. ಆಮೇಲೆ ನೆಲದಲ್ಲೇ ಕೂತು ಗಿಡದ ಬುಡ ನೋಡಿದರು. "ಇದೇನಿದು ಗಂಟು?"

ಮಾವ ಹೇಳತೊಡಗಿದರು, ನಾನು ತಿದ್ದಿದೆ. ನಾನು ಹೇಳತೊಡಗಿದೆ, ಮಾವ ತಿದ್ದಿದರು. ಅಪ್ಪ ಗಂಟನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. "ನಲವತ್ತು ವರ್ಷ ಟಮಾಟ ಬೆಳ್ದೆ. ಇಂಗೆ ಕೈಯಲ್ಲಿ ಕಟ್ಟಿದ್ದು ನೋಡ್ಲಿಲ್ಲ. ಕಟ್ಟಿದ್ಯಾರು?"

"ಅವಳೇ. ನಾನು ಬೈದದ್ದು ಮಾತ್ರ," ಅಂದರು ಮಾವ.

ಆಗ ಅಪ್ಪನ ಕಣ್ಣಿಗೆ ಎಲೆಯ ಮರೆಯಲ್ಲಿ ಅದು ಬಿತ್ತು. ಕೋತಿಗಳಿಗೂ ಕಾಣದೆ, ನಮಗೂ ಕಾಣದೆ ಉಳಿದ ಒಂದು ಟೊಮೆಟೊ. ನಿಂಬೆಯಷ್ಟು, ಅರ್ಧ ಕೆಂಪು. ನಾರಿಲ್ಲದ್ದು. ಅಪ್ಪ ಕೀಳಲು ಕೈ ಚಾಚಿದ್ದೇ ಅತ್ತೆ ಅಡುಗೆಮನೆಯ ಬಾಗಿಲಿಂದ ಕೂಗಿದರು:

"ಅದು ಮುಟ್ಬೇಡಿ! ಅದು ನಮ್ಮ ಗೂಡೆದ್ದು!"

ಅಪ್ಪ ಕೈ ಹಿಂತೆಗೆದುಕೊಂಡರು. ಗೂಡೆ ಅಂದರೆ ಏನೆಂದು ಯಶಸ್ವಿ ಹೇಳಿದಳು. ಅಪ್ಪ ತಿರುಗಿ ಒಮ್ಮೆ ಅತ್ತೆಯನ್ನು ನೋಡಿದರು, ಒಮ್ಮೆ ನನ್ನನ್ನು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಸೆಕೆ ಜಾಸ್ತಿ ಇತ್ತು.

ಮಧ್ಯಾಹ್ನ ಕಟ್ಟಿದ್ದನ್ನೆಲ್ಲ ಬಿಚ್ಚಿ ಅತ್ತೆ ಸಾರು ಮಾಡಿದರು. ಅಪ್ಪ ಮೂರು ಸಲ ಹಾಕಿಸಿಕೊಂಡರು.

ಫೆಬ್ರವರಿ ೨೦

ರಾತ್ರಿ ಇಲ್ಲೇ ಉಳಿದಿದ್ದ ಅಪ್ಪನನ್ನು ಬೆಳಿಗ್ಗೆ ಲತೀಶ್ ಜೀಪಿನಲ್ಲಿ ಕಡಬ ಬಸ್‌ಸ್ಟ್ಯಾಂಡಿಗೆ ಬಿಟ್ಟರು, ನಾನೂ ಹೋಗಿದ್ದೆ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಲತೀಶ್ ಆಚೆ ಹೋದಾಗ ಅಪ್ಪ ಮೆಲ್ಲಗೆ, "ಬಾಮ್ಮಾ, ನನ್ ಜೊತೆ. ಒಂದ್ ತಿಂಗ್ಳು ಇದ್ದು ಬರುವಂತೆ. ಅಮ್ಮನೂ ಕಾಯ್ತಾವ್ಳೆ," ಅಂದರು.

ಅಪ್ಪನಿಗೆ ಒಂದೂ ಅರ್ಥವಾಗುವುದಿಲ್ಲ. ಈಗ ಹೊರಡುವ ಹೊತ್ತಾ?

"ಈಗ ಹೇಗೆ ಬರುದು ಅಪ್ಪ? ಗಿಡಕ್ಕೆ ನೀರು ಹಾಕ್ಲಿಕ್ಕೆ ಉಂಟು. ಕೋತಿಗೆ ಬಲೆ ಕಟ್ಲಿಕ್ಕೆ ಉಂಟು. ಮಾವನಿಗೆ ಒಬ್ಬರಿಗೇ ಎಂತ ಆಗ್ತದೆ ಮಾರಾಯ್ರೆ?"

ಅಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ನಗಲಿಕ್ಕೆ ಶುರು ಮಾಡಿದರು. ನಕ್ಕು ನಕ್ಕು ಬೆಂಚಿನಲ್ಲಿ ಕೂತರು. "ಇನ್ನೊಂದ್ಸಲ ಹೇಳು," ಅಂದರು. ಎಂತ ಹೇಳುದು? ಹೇಳಿದ್ದೇ ಅಲ್ವಾ? ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿ, "ಚಿಂತೆ ಬಿಡೇ. ನಿನ್ ಮಗಳು ಇಲ್ಲಿಯೋಳಾಗೋದ್ಲು," ಅಂದರು. ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸುವಾಗಲೂ ನಗುತ್ತಲೇ ಇದ್ದರು.

ಎಂತ ಆಗಿದ್ದೇನೆ ನಾನು? ಎಂತದೂ ಆಗಲಿಲ್ಲ. ಬರುವಾಗ ಹೇಗಿದ್ದೆನೋ ಹಾಗೆಯೇ ಇದ್ದೇನೆ.

ಜೀಪು ಮನೆಯ ತಿರುವಿಗೆ ಬರುವಾಗಲೇ ಅತ್ತೆ ಗೇಟಿನಲ್ಲಿ ಕೈ ಬೀಸಿ ಕರೆಯುತ್ತಿದ್ದರು. ಆ ಟೊಮೆಟೊ ಪೂರ್ತಿ ಕೆಂಪಾಗಿದೆಯಂತೆ. ಬರೆದದ್ದು ಸಾಕು, ಎಲ್ಲರೂ ಹಿತ್ತಲಲ್ಲಿ ನನಗೆ ಕಾಯುತ್ತಾ ಇದ್ದಾರೆ.